ಕಡಿಮೆ ಖರ್ಚಿನ ಸರ್ಕಾರ ಬೇಕು, ಓಟು ಯಾರಿಗೆ?

ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರು ರಸ್ತೆ ಹಿಡಿದು ಚಂದಾಪುರ, ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಗಡಿ. ಗಡಿಯಾಚೆ ಹೊಸೂರಿನ ಮಗ್ಗುಲಲ್ಲೇ ತೊರಪಳ್ಳಿ ಎಂಬ ಹಳ್ಳಿ. ರಾಜಾಜಿ ಎಂದೇ ಹೆಸರಾದ ಚಕ್ರವರ್ತಿ ರಾಜಗೋಪಾಲಾಚಾರಿ 1878ರಲ್ಲಿ ಹುಟ್ಟಿದ್ದು ಅಲ್ಲಿ. ಹೊಸೂರಿನ ಶಾಲೆಯಲ್ಲಿ ಓದಿ, ಮುಂದಿನ ಓದಿಗೆ ಬಂದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಗವರ್ನರ್ ಜನರಲ್ ಹುದ್ದೆಯನ್ನೂ ಮದ್ರಾಸಿನ ಮುಖ್ಯಮಂತ್ರಿ ಗಾದಿಯನ್ನೂ ಕಂಡು ಬಂದ ಮೇಲೆ, 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ ಅವರು ಹೊಸ ಪಕ್ಷವೊಂದನ್ನು ಕಟ್ಟಿದರು. ಅದೇ ಸ್ವತಂತ್ರ ಪಕ್ಷ. ಸರ್ಕಾರ ತನ್ನ ಮಿತಿಯಲ್ಲಿರಲಿ, ಜನರ ದುಡ್ಡನ್ನು ಅಳೆದು ಖರ್ಚು ಮಾಡಲಿ, ರೈತನ ಹೊಲ, ವ್ಯಾಪಾರಿಯ ಅಂಗಡಿ, ಕಾರ್ಖಾನೆಯವನ ಯಂತ್ರ ಅವರವರ ಕೈಯಲ್ಲೇ ಇರಲಿ ಎಂಬುದು ಆ ಪಕ್ಷದ ಮಾತು. ‘ಲೈಸೆನ್ಸ್-ಪರ್ಮಿಟ್-ಕೋಟಾ ರಾಜ್’ ಎಂಬ ಪದವನ್ನು ದೇಶದ ಬಾಯಿಗೆ ಕೊಟ್ಟವರು ರಾಜಾಜಿಯೇ.

ಇವತ್ತು ಅದೇ ಹೊಸೂರು ರಸ್ತೆಯ ಮಗ್ಗುಲಲ್ಲಿ, ವೈಟ್‌ಫೀಲ್ಡಿನಲ್ಲಿ, ಪೀಣ್ಯದಲ್ಲಿ ಲಕ್ಷಾಂತರ ಜನ ದುಡಿಯುತ್ತಾರೆ. ತೆರಿಗೆ ಎಲ್ಲಿಗೆ ಹೋಯಿತು, ಇಷ್ಟು ಅನುಮತಿ ಯಾಕೆ ಬೇಕು, ಈ ಕಾಮಗಾರಿಗೆ ಇಷ್ಟು ಕೋಟಿ ಯಾಕೆ ಎಂಬ ಮಾತು ಅವರ ನಡುವೆ ದಿನವೂ ನಡೆಯುತ್ತದೆ. ಆದರೆ ಮತಗಟ್ಟೆಗೆ ಹೋದಾಗ ಆ ಮಾತನ್ನು ಎತ್ತಿಕೊಂಡ ಅಭ್ಯರ್ಥಿ ಸಿಗುವುದು ಅಪರೂಪ. ಬೇಡಿಕೆ ಇಷ್ಟು ಸ್ಪಷ್ಟವಾಗಿದ್ದೂ ಅದಕ್ಕೊಬ್ಬ ಉಮೇದುವಾರ ಯಾಕೆ ಹುಟ್ಟಲಿಲ್ಲ? ಇದನ್ನು ‘ಜನ ಬಿಟ್ಟಿ ಭಾಗ್ಯಕ್ಕೆ ಮರುಳಾಗಿದ್ದಾರೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ಆ ಉತ್ತರ ಸುಳ್ಳು ಎಂದೇ ನಾನು ತಿಳಿದಿದ್ದೇನೆ. ಕಾರಣಗಳು ನಮ್ಮ ಕಾನೂನಿನಲ್ಲಿವೆ, ನಮ್ಮ ಇತಿಹಾಸದಲ್ಲಿವೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ವಾರ್ಡುಗಳಲ್ಲಿವೆ.

ಮೊದಲು ದೂರು ಏನೆಂದು ನೋಡೋಣ. ಪೀಣ್ಯದಲ್ಲಿ ನಾಲ್ಕಾರು ಲೇತ್, ಒಂದೆರಡು ಸಿಎನ್‌ಸಿ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಸಣ್ಣ ಮಾಲೀಕ ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟಬೇಕು, ಟ್ರೇಡ್ ಲೈಸೆನ್ಸ್ ನವೀಕರಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ತರಬೇಕು, ಕಾರ್ಖಾನೆ ಇಲಾಖೆ, ಕಾರ್ಮಿಕ ಇಲಾಖೆ, ಇಎಸ್ಐ, ಪಿಎಫ್ ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕು. ಇಷ್ಟೆಲ್ಲ ಆದಮೇಲೂ ಲಾರಿ ಬಂದು ನಿಲ್ಲುವ ರಸ್ತೆ ಗುಂಡಿಯದ್ದೇ. 2010ರಲ್ಲಿ ಸಂಚಾರಕ್ಕೆ ತೆರೆದ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. ಭಾರಿ ವಾಹನಗಳಿಗೆ ಅದು ಮತ್ತೆ ತೆರೆದದ್ದು 2024ರಲ್ಲಿ. ಅಷ್ಟು ಕಾಲ ಸರಕು ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲಿ ನಿಂತು ಕಾದವು. ಕಟ್ಟಿ ಹನ್ನೆರಡು ವರ್ಷವೂ ಆಗದ ಸೇತುವೆಗೆ ಆದ ಖರ್ಚನ್ನು ಯಾರಲ್ಲಿ ಕೇಳಬೇಕು ಎಂಬುದು ಆ ಮಾಲೀಕನಿಗೆ ಇವತ್ತಿಗೂ ಗೊತ್ತಿಲ್ಲ.

ವೈಟ್‌ಫೀಲ್ಡಿನ ಕತೆ ಬೇರೆ ಬಣ್ಣದ್ದು. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕಡಿತವಾಗುತ್ತದೆ. ಮನೆಗೆ ಬಂದರೆ ನೀರು ಟ್ಯಾಂಕರಿನದು, ಕೊಳಚೆ ನೀರಿನ ಸಂಸ್ಕರಣಾ ಘಟಕ ಅಪಾರ್ಟ್‌ಮೆಂಟಿನ ಸಂಘದ್ದೇ, ಕಾವಲು ಅವರದೇ. ಸರ್ಕಾರ ಮಾಡಬೇಕಾದ ಕೆಲಸಕ್ಕೆ ಒಮ್ಮೆ ತೆರಿಗೆಯಾಗಿ, ಇನ್ನೊಮ್ಮೆ ನಿರ್ವಹಣಾ ಶುಲ್ಕವಾಗಿ ಎರಡು ಸಲ ಹಣ ತೆರುವ ಜನ ಇವರು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು; ಮಹದೇವಪುರ, ದಾಸರಹಳ್ಳಿ, ಬೊಮ್ಮನಹಳ್ಳಿ ನಗರಸಭೆಗಳು ಹೋದವು. ಆ 110 ಹಳ್ಳಿಗಳಿಗೆ ನೀರು ಕೊಡಲೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ತೆರಿಗೆ ಕೇಳಲು ಸರ್ಕಾರ ಕೂಡಲೇ ಬಂತು, ನೀರು ತರಲು ಹದಿನೇಳು ವರ್ಷ ಹಿಡಿಯಿತು.

ಈ ಅಸಮಾಧಾನಕ್ಕೆ ಕನ್ನಡ ನೆಲದಲ್ಲೇ ಹಳೆಯ ಬೇರಿದೆ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಕರಡನ್ನು ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರ ಸಮಿತಿ ಒಪ್ಪಿದಾಗ, ಭಿನ್ನಮತದ ಟಿಪ್ಪಣಿ ಬರೆದವರು ಒಬ್ಬರೇ. ಅವರು ಮಂಗಳೂರು ಸೀಮೆಯ ಬಿ.ಆರ್. ಶೆಣೈ. ಇಲ್ಲದ ಹಣವನ್ನು ಅಚ್ಚು ಹಾಕಿ ಖರ್ಚು ಮಾಡಿದರೆ ಬೆಲೆ ಏರುತ್ತದೆ, ನಿಯಂತ್ರಣಗಳು ಬೆಳೆದಂತೆ ಅವುಗಳ ಹಿಂದೆ ಭ್ರಷ್ಟಾಚಾರವೂ ಬೆಳೆಯುತ್ತದೆ ಎಂಬುದು ಅವರ ವಾದದ ತಿರುಳು. ಆ ಹೊತ್ತಿನಲ್ಲಿ ಅದನ್ನು ಕೇಳುವವರಿರಲಿಲ್ಲ. ನಾಲ್ಕು ವರ್ಷಗಳಲ್ಲಿ, ಸಹಕಾರಿ ಬೇಸಾಯದ ಕುರಿತು ಕಾಂಗ್ರೆಸ್ಸು ನಾಗಪುರದಲ್ಲಿ ಮಾಡಿದ ನಿರ್ಣಯದಿಂದ ರೈತರು, ಪ್ಲಾಂಟರುಗಳು, ವರ್ತಕರು ಗಾಬರಿಗೊಂಡಾಗ, ಸ್ವತಂತ್ರ ಪಕ್ಷ ಹುಟ್ಟಿತು.

ಮೈಸೂರು ರಾಜ್ಯದಲ್ಲಿ ಅದು ಪತ್ರಿಕೆಗಳ ಪುಟದಲ್ಲೇ ಉಳಿದ ಪಕ್ಷವಾಗಿರಲಿಲ್ಲ. 1967ರಲ್ಲಿ ನಮ್ಮ 27 ಲೋಕಸಭಾ ಸ್ಥಾನಗಳಲ್ಲಿ ಐದನ್ನು ಅದು ಗೆದ್ದಿತು. ಉಡುಪಿಯಿಂದ ನಿವೃತ್ತ ಐಸಿಎಸ್ ಅಧಿಕಾರಿ ಜೆ.ಎಂ. ಲೋಬೊ ಪ್ರಭು, ಚಿತ್ರದುರ್ಗದಿಂದ ಜೆ. ಮೊಹಮ್ಮದ್ ಇಮಾಂ ದೆಹಲಿಗೆ ಹೋದರು. ವಿಧಾನಸಭೆಯಲ್ಲಿ 16 ಸ್ಥಾನ ಬಂತು. ಲೋಕಸಭೆಯಲ್ಲಿ ಪಕ್ಷದ ಒಟ್ಟು ಬಲ 44. ಆಡಳಿತ ಪಕ್ಷದ ನೀತಿಯನ್ನು ಲೆಕ್ಕಪತ್ರ ಹಿಡಿದು ಎದುರಿಸುವ ವಿರೋಧ ಪಕ್ಷ ಹೇಗಿರುತ್ತದೆ ಎಂದು ಸಂಸತ್ತು ಆ ಅವಧಿಯಲ್ಲಿ ಕಂಡಿತು. ಆದರೆ ಆ ಗೆಲುವಿನೊಳಗಿನ ದೌರ್ಬಲ್ಯವನ್ನೂ ಹೇಳಬೇಕು. ಬಹಳ ಕಡೆ ಪಕ್ಷಕ್ಕೆ ಬಿದ್ದ ಮತ ತತ್ವಕ್ಕಿಂತ ಹೆಚ್ಚಾಗಿ ಊರಿನ ದೊಡ್ಡ ಮನೆತನಕ್ಕೆ, ಜಮೀನ್ದಾರನ ಮಾತಿಗೆ, ಕಾಂಗ್ರೆಸ್ಸಿನ ಮೇಲಿನ ಸಿಟ್ಟಿಗೆ ಬಿದ್ದದ್ದು. ಗೇಣಿ ಮಾಡುವವನಿಗೆ, ಕೂಲಿಯವನಿಗೆ ಈ ಮಿತ ಸರ್ಕಾರದಿಂದ ಏನು ಸಿಗುತ್ತದೆ ಎಂಬುದನ್ನು ಪಕ್ಷ ಅವರ ಭಾಷೆಯಲ್ಲಿ ಹೇಳಲೇ ಇಲ್ಲ. 1971ರಲ್ಲಿ ಇಂದಿರಾ ಗಾಂಧಿ ‘ಗರೀಬಿ ಹಟಾವೋ’ ಎಂದಾಗ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಅವರ ಕಾಂಗ್ರೆಸ್ಸಿಗೆ ಹೋಯಿತು. ರಾಜಾಜಿ 1972ರ ಡಿಸೆಂಬರಿನಲ್ಲಿ ತೀರಿಕೊಂಡರು. 1974ರಲ್ಲಿ ಪಕ್ಷವೂ ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ಕರಗಿತು.

ಮತ್ತೆ ಅಂಥ ಪಕ್ಷ ಕಟ್ಟಬಹುದೇ? ಕಟ್ಟಬಹುದು, ಆದರೆ ಬಾಗಿಲಲ್ಲೇ ಒಂದು ಪ್ರಮಾಣ ಮಾಡಬೇಕು. ಜನಪ್ರತಿನಿಧಿ ಕಾಯ್ದೆಗೆ ಸೇರಿ 1989ರಲ್ಲಿ ಜಾರಿಗೆ ಬಂದ 29-ಎ ಕಲಮಿನ ಪ್ರಕಾರ, ನೋಂದಣಿ ಬಯಸುವ ಪ್ರತಿಯೊಂದು ಪಕ್ಷವೂ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆಯಿಂದಿರುವುದಾಗಿ ತನ್ನ ನಿಯಮಾವಳಿಯಲ್ಲಿ ಬರೆದುಕೊಡಬೇಕು. ಜಾತ್ಯತೀತತೆಗೂ ಪ್ರಜಾಪ್ರಭುತ್ವಕ್ಕೂ ಯಾರದೂ ತಕರಾರಿಲ್ಲ. ಆದರೆ ಸಮಾಜವಾದವನ್ನು ಒಪ್ಪದ, ಹಾಗೆಂದು ಬಹಿರಂಗವಾಗಿ ಹೇಳುವ ಪಕ್ಷವೊಂದು ಇದಕ್ಕೆ ಸಹಿ ಹಾಕುವುದು ಹೇಗೆ? ಸ್ವತಂತ್ರ ಪಕ್ಷವನ್ನು ಮತ್ತೆ ಕಟ್ಟಬಯಸಿದವರು ಇದೇ ಪ್ರಶ್ನೆ ಹಿಡಿದು 1996ರಲ್ಲಿ ಬಾಂಬೆ ಹೈಕೋರ್ಟಿಗೆ ಹೋದರು. ಕಲಮು ಇವತ್ತಿಗೂ ಹಾಗೇ ಇದೆ. ಎಲ್ಲ ಪಕ್ಷಗಳೂ ಸಹಿ ಹಾಕುತ್ತವೆ, ಯಾರೂ ಓದುವುದಿಲ್ಲ. ರಾಜಕೀಯದ ಮೊದಲ ಹೆಜ್ಜೆಯಲ್ಲೇ ನಂಬದ ಮಾತಿಗೆ ಸಹಿ ಹಾಕಿಸುವ ಈ ನಿಯಮ ನನ್ನ ಮಟ್ಟಿಗೆ ಅವಮಾನಕರ.

ಇದಕ್ಕಿಂತ ದೊಡ್ಡ ತೊಡಕು ಶಾಸನಸಭೆಯ ಒಳಗಿದೆ. ಅಮೆರಿಕದಲ್ಲಿ ಸರ್ಕಾರದ ಖರ್ಚು ತಗ್ಗಿಸುವ ಅಭ್ಯರ್ಥಿಗಳನ್ನು ಹುಡುಕಿ, ಅವರಿಗಾಗಿ ಹಣ ಕೂಡಿಸಿ, ಪ್ರಚಾರ ಮಾಡಿ ಕಾಂಗ್ರೆಸ್ಸಿಗೆ ಕಳಿಸುವ ಸಂಘಟನೆಗಳಿವೆ. 1999ರಲ್ಲಿ ಶುರುವಾದ ಕ್ಲಬ್ ಫಾರ್ ಗ್ರೋತ್ ಅವುಗಳಲ್ಲಿ ಹೆಸರಾದದ್ದು. ಆ ವ್ಯವಸ್ಥೆಯಲ್ಲಿ ಇದಕ್ಕೆ ಅರ್ಥವಿದೆ. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ಅಲ್ಲಿ ಪ್ರಾಥಮಿಕ ಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ಗೆದ್ದವನು ತನ್ನ ಪಕ್ಷದ ವಿರುದ್ಧವೂ ಮತ ಹಾಕಬಲ್ಲ. 2025ರಲ್ಲಿ ಟ್ರಂಪ್ ಅವರ ದೊಡ್ಡ ತೆರಿಗೆ-ಖರ್ಚಿನ ಮಸೂದೆ ಬಂದಾಗ ಅವರದೇ ರಿಪಬ್ಲಿಕನ್ ಪಕ್ಷದ, ಕೆಂಟುಕಿಯ ಥಾಮಸ್ ಮ್ಯಾಸಿ ಸಾಲ ಹೆಚ್ಚುತ್ತದೆ ಎಂದು ವಿರುದ್ಧ ಮತ ಹಾಕಿದರು. ಅಧ್ಯಕ್ಷರು ಕಿಡಿಕಾರಿದರು, ಆದರೆ ಆ ಮತಕ್ಕಾಗಿ ಸ್ಥಾನ ಕಿತ್ತುಕೊಳ್ಳುವ ಕಾನೂನು ಅಲ್ಲಿಲ್ಲ.

ನಮ್ಮಲ್ಲಿ ಇದೆ. 1985ರ ಸಂವಿಧಾನ ತಿದ್ದುಪಡಿ ತಂದ ಹತ್ತನೇ ಅನುಸೂಚಿಯ ಪ್ರಕಾರ, ವಿಪ್ ಕೊಟ್ಟ ಮೇಲೆ ಪಕ್ಷದ ನಿಲುವಿಗೆ ವಿರುದ್ಧ ಮತ ಹಾಕಿದ ಶಾಸಕ ತನ್ನ ಸ್ಥಾನ ಕಳೆದುಕೊಳ್ಳಬಹುದು. ಪಕ್ಷಾಂತರದ ಪಿಡುಗಿಗೆ ಮದ್ದಾಗಿ ಬಂದ ಕಾನೂನು ಇದು. ಪಿಡುಗು ನಿಂತಿಲ್ಲ ಎಂಬುದು, ಶಾಸಕರ ಸಾಲು ರಾಜೀನಾಮೆಯಿಂದ ಸರ್ಕಾರವೇ ಬಿದ್ದ 2019ರಲ್ಲಿ ಕರ್ನಾಟಕವೇ ಕಂಡ ಸತ್ಯ. ಆದರೆ ಬಜೆಟ್ಟನ್ನು ಸ್ವಂತ ಬುದ್ಧಿಯಿಂದ ಪರೀಕ್ಷಿಸಿ ‘ಬೇಡ’ ಎನ್ನುವ ಶಾಸಕನ ಕೈಯನ್ನು ಅದು ಭದ್ರವಾಗಿ ಕಟ್ಟಿತು. ಮಹದೇವಪುರದಿಂದಲೋ ದಾಸರಹಳ್ಳಿಯಿಂದಲೋ ಅತ್ಯಂತ ಮಿತವ್ಯಯಿಯಾದ ಒಬ್ಬರನ್ನು ಗೆಲ್ಲಿಸಿ ಕಳಿಸಿದರೂ, ಧನವಿನಿಯೋಗ ಮಸೂದೆ ಮತಕ್ಕೆ ಬಂದ ದಿನ ಅವರು ಎತ್ತಬೇಕಾದದ್ದು ಪಕ್ಷ ಹೇಳಿದ ಕೈಯನ್ನೇ. ಅಭ್ಯರ್ಥಿಯನ್ನು ನೋಡಿ ಬೆಂಬಲಿಸುವುದಕ್ಕೆ ನಮ್ಮಲ್ಲಿ ಅರ್ಧ ಬೆಲೆ ಬರುವುದು ಇದರಿಂದ. ದೇಣಿಗೆಯ ಕಾನೂನೂ ಇದೇ ದಾರಿಯದು: ಪಕ್ಷಕ್ಕೆ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಟ್ಟಿತು, ಒಬ್ಬ ಪಕ್ಷೇತರ ಅಭ್ಯರ್ಥಿಯ ಕೈಗೆ ಕೊಟ್ಟ ಹಣಕ್ಕೆ ಕೊಡಲಿಲ್ಲ.

ಆದರೂ ಬೆಂಗಳೂರು ಪ್ರಯತ್ನಿಸಿತು. 2009ರಲ್ಲಿ ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತರು. 2013ರ ವಿಧಾನಸಭಾ ಚುನಾವಣೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ನೆರೆಯ ಬೊಮ್ಮನಹಳ್ಳಿಯಿಂದ ಅಶ್ವಿನ್ ಮಹೇಶ್ ಲೋಕಸತ್ತಾ ಪಕ್ಷದಿಂದ ನಿಂತರು. 2014ರಲ್ಲಿ ಇನ್ಫೊಸಿಸ್ಸಿನ ಹಣಕಾಸು ನೋಡಿಕೊಂಡಿದ್ದ ವಿ. ಬಾಲಕೃಷ್ಣನ್ ಆಮ್ ಆದ್ಮಿ ಪಕ್ಷದಿಂದ ಬೆಂಗಳೂರು ಕೇಂದ್ರದಲ್ಲಿ, ನಂದನ್ ನಿಲೇಕಣಿ ಕಾಂಗ್ರೆಸ್ಸಿನಿಂದ ದಕ್ಷಿಣದಲ್ಲಿ ಸ್ಪರ್ಧಿಸಿದರು. ಎಲ್ಲರೂ ಸೋತರು. 2013ರಲ್ಲೇ ಕಿರಣ್ ಮಜುಂದಾರ್ ಷಾ, ಮೋಹನದಾಸ್ ಪೈ ಮೊದಲಾದವರು ಬಿ-ಪ್ಯಾಕ್ ಕಟ್ಟಿ, ಪಕ್ಷಭೇದವಿಲ್ಲದೆ ಯೋಗ್ಯ ಅಭ್ಯರ್ಥಿಗಳನ್ನು ಬೆಂಬಲಿಸುವ ಕೆಲಸಕ್ಕೆ ಇಳಿದರು. ಅಮೆರಿಕದ ಮಾದರಿಗೆ ಬೆಂಗಳೂರು ಅತ್ಯಂತ ಹತ್ತಿರ ಬಂದದ್ದು ಇದೇ. ಆದರೆ ಇವರು ಯಾರೂ ‘ಸರ್ಕಾರ ಚಿಕ್ಕದಾಗಲಿ’ ಎಂದು ಮತ ಕೇಳಿದವರಲ್ಲ. ಸರ್ಕಾರ ಚುರುಕಾಗಲಿ, ಪ್ರಾಮಾಣಿಕವಾಗಲಿ ಎಂದರು. ಅವರಿಗೆ ಒಲಿದ ಮತದಾರರಲ್ಲಿ ಅನೇಕರು ಮತದಾನದ ದಿನ ಬರಲಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲೂ ರಾಜ್ಯದ ಮತದಾನ ಶೇ 73 ದಾಟಿದಾಗ ಬೆಂಗಳೂರಿನದು ಶೇ 55ರ ಆಸುಪಾಸಿನಲ್ಲೇ ನಿಂತಿತು.

ಈಗ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳ ಮಾತು. ಇದನ್ನು ತಪ್ಪಿಸಿ ಮಿತವ್ಯಯದ ಬಗ್ಗೆ ಬರೆಯುವುದು ಪ್ರಾಮಾಣಿಕತೆಯಲ್ಲ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ. ರಾಜಸ್ವ ಕೊರತೆ 19,262 ಕೋಟಿ, ವಿತ್ತೀಯ ಕೊರತೆ 90,428 ಕೋಟಿ. ಎಂದರೆ ರಾಜ್ಯದ ಒಟ್ಟು ಉತ್ಪನ್ನದ ಶೇ 2.95. ಒಟ್ಟು ಹೊಣೆಗಾರಿಕೆ ಶೇ 24.91. ಈ ಎರಡು ಅಂಕಿಗಳೂ ಹೊಸ್ತಿಲಿಗೆ ಕೂದಲೆಳೆಯಷ್ಟು ಈಚೆ ನಿಂತಿವೆ, ಯಾಕೆಂದರೆ ಹೊಸ್ತಿಲು ಶೇ 3 ಮತ್ತು ಶೇ 25. ಆ ಹೊಸ್ತಿಲು ಕಟ್ಟಿದ್ದು ಕರ್ನಾಟಕವೇ, 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಿಂದ. ಕೇಂದ್ರ ಸರ್ಕಾರ ಅಂಥ ಕಾಯ್ದೆ ಮಾಡಿದ್ದು ಅದರ ಮುಂದಿನ ವರ್ಷ. 2004-05ರಿಂದ ಕೋವಿಡ್ ಬರುವವರೆಗೂ ರಾಜಸ್ವ ಖಾತೆಯಲ್ಲಿ ಹೆಚ್ಚುವರಿ ತೋರಿಸುತ್ತ ಬಂದ ರಾಜ್ಯ ನಮ್ಮದು. ಸರ್ಕಾರಗಳು ಬದಲಾದರೂ, ಪಕ್ಷಗಳು ಬದಲಾದರೂ ಈ ಶಿಸ್ತು ಉಳಿದಿತ್ತು. ಇದನ್ನು ನಾವು ಸಾಕಷ್ಟು ಹೆಮ್ಮೆಯಿಂದ ಹೇಳಿಕೊಂಡಿಲ್ಲ, ಹಾಗಾಗಿ ಅದು ಸಡಿಲವಾದಾಗಲೂ ಯಾರಿಗೂ ನೋವಾಗಲಿಲ್ಲ.

ಆದರೆ ಪೀಣ್ಯದ ಗಾರ್ಮೆಂಟ್ ಕಾರ್ಖಾನೆಗೆ ಬೆಳಗ್ಗೆ ಬಸ್ಸಿನಲ್ಲಿ ಬರುವ ಹೆಣ್ಣುಮಗಳನ್ನು ನೆನೆಯಿರಿ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನಿನಲ್ಲಿ ಶುರುವಾದಾಗಿನಿಂದ ಆಕೆಯ ಸಂಬಳದಲ್ಲಿ ಬಸ್ಸಿನ ದುಡ್ಡು ಉಳಿಯುತ್ತಿದೆ, ಖಾತೆಗೆ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ಬರುತ್ತಿದೆ. ಅದು ಅವಳ ಕೈಗೆ ನೇರ ಬರುತ್ತದೆ, ನಡುವೆ ಗುತ್ತಿಗೆದಾರನಿಲ್ಲ. ಇನ್ನೊಂದು ಕಡೆ ಕಾಮಗಾರಿಗಳ ಲೋಕವಿದೆ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು ಶೇ 40ರ ಕಮಿಷನ್ ಆರೋಪ ಮಾಡಿತು. ಸರ್ಕಾರದ ಖರ್ಚು ಇಳಿಸಬೇಕು ಎನ್ನುವವರು ಮೊದಲು ಕತ್ತರಿ ಹಾಕಬೇಕಾದದ್ದು ಎಲ್ಲಿ? ಟೆಂಡರಿನ ಅಂದಾಜು ಪಟ್ಟಿಯನ್ನು ಮುಟ್ಟದೆ ಬಸ್ ಟಿಕೆಟ್ಟಿನಿಂದಲೇ ಶುರು ಮಾಡುವ ಮಿತವ್ಯಯಿಗೆ ಆ ಹೆಣ್ಣುಮಗಳು ಮತ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಸ್ವತಂತ್ರ ಪಕ್ಷ 1971ರಲ್ಲಿ ಮುಗ್ಗರಿಸಿದ್ದು ಇಲ್ಲಿಯೇ. ಗ್ಯಾರಂಟಿಗಳ ಮೇಲೂ ಪ್ರಶ್ನೆ ಬೇಕು: ಅನುಕೂಲ ಇರುವವರಿಗೂ ಯಾಕೆ, ಎಷ್ಟು ಕಾಲ, ಸಾಲ ಮಾಡಿಯೇ? ಆದರೆ ಆ ಪ್ರಶ್ನೆ ಕೇಳುವ ಯೋಗ್ಯತೆ ಬರುವುದು ದೊಡ್ಡ ಗುತ್ತಿಗೆಗಳ ಲೆಕ್ಕ ಕೇಳಿದ ಮೇಲೆ.

ಹಾಗೆಯೇ ಈ ಕೈಗಾರಿಕಾ ವಲಯಗಳು ಸರ್ಕಾರವಿಲ್ಲದೆ ಬೆಳೆದವಲ್ಲ ಎಂಬುದನ್ನೂ ಒಪ್ಪಬೇಕು. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಬಹಳಷ್ಟು ಬೇರು ಬಿಟ್ಟದ್ದು ಎಚ್‌ಎಂಟಿ, ಬಿಇಎಲ್‌ನಂಥ ಸರ್ಕಾರಿ ಉದ್ಯಮಗಳಿಗೆ ಬಿಡಿಭಾಗ ಮಾಡಿಕೊಡುತ್ತ. ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡವರು ಕಿಯೋನಿಕ್ಸ್ ಎಂಬ ಸರ್ಕಾರಿ ನಿಗಮದ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಅದು ಆರಂಭವಾಯಿತು. ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿ ಆರಂಭದಲ್ಲಿ ಸಿಂಗಪುರ ಮತ್ತು ಟಾಟಾ ಜತೆ ಕರ್ನಾಟಕ ಸರ್ಕಾರವೂ ಪಾಲು ಹೊಂದಿತ್ತು. ಸಾಫ್ಟ್‌ವೇರ್ ರಫ್ತಿಗೆ ವರ್ಷಾನುಗಟ್ಟಲೆ ತೆರಿಗೆ ರಜೆ ಸಿಕ್ಕಿತು. ನೆಲ ಬಂದದ್ದು ರೈತರಿಂದ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಭೂಸ್ವಾಧೀನದ ಮೂಲಕ. ಸರ್ಕಾರದ ಮಿತಿ ಎಲ್ಲಿ ಎಂಬ ಪ್ರಶ್ನೆಯನ್ನು ಈ ಕಾಲದಲ್ಲಿ ನಿಜವಾಗಿ ಕೇಳಿದವರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು. 13 ಹಳ್ಳಿಗಳ 1,777 ಎಕರೆ ಕೊಡುವುದಿಲ್ಲ ಎಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸುವಂತೆ ಮಾಡಿದರು. ಕೆಂಪು ಬಾವುಟ, ಹಸಿರು ಶಾಲಿನ ನಡುವೆ ನಡೆದ ಆ ಹೋರಾಟದಲ್ಲಿ ಉಳುವವನ ಆಸ್ತಿ ಹಕ್ಕಿನ ಮಾತು ಎಷ್ಟು ಗಟ್ಟಿಯಾಗಿತ್ತೆಂದರೆ, ಸ್ವತಂತ್ರ ಪಕ್ಷದವರಿದ್ದರೆ ಅದನ್ನು ತಮ್ಮದೇ ಎನ್ನುತ್ತಿದ್ದರು.

ಇನ್ನು ಅನುಮತಿಗಳು ಕಡಿಮೆಯಾಗಲಿ ಎನ್ನುವಾಗ ಪೀಣ್ಯದ ನೆಲದಡಿಯ ನೀರನ್ನು ಮರೆಯಬಾರದು. ಎಲೆಕ್ಟ್ರೊಪ್ಲೇಟಿಂಗ್ ಘಟಕಗಳ ತ್ಯಾಜ್ಯದಿಂದ ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದೆ. ಅಲ್ಲಿನ ತೊಂದರೆ ತಪಾಸಕರು ಹೆಚ್ಚಾದದ್ದಲ್ಲ, ಮಾಡಬೇಕಾದ ತಪಾಸಣೆ ನಡೆಯದೆ ಹೋದದ್ದು. ಬೇಡದ ಹತ್ತು ಪ್ರಮಾಣ ಪತ್ರ ತೆಗೆದು, ಬೇಕಾದ ಒಂದು ಪರೀಕ್ಷೆಯನ್ನು ನಿಷ್ಠುರವಾಗಿ ಮಾಡುವ ಸರ್ಕಾರವನ್ನು ನಾನು ಮಿತ ಸರ್ಕಾರ ಎನ್ನುತ್ತೇನೆ.

ಅಭ್ಯರ್ಥಿ ಸಿಗದ ಜನ ಇನ್ನೊಂದು ದಾರಿ ಹುಡುಕಿಕೊಂಡರು. ಸಂವಿಧಾನದ 243-ಕ್ಯೂ ವಿಧಿಯಲ್ಲಿ ಒಂದು ಕಿರುಗಂಡಿಯಿದೆ. ಒಂದು ಪ್ರದೇಶದಲ್ಲಿ ಪೌರ ಸೌಲಭ್ಯಗಳನ್ನು ಕೈಗಾರಿಕಾ ಸಂಸ್ಥೆಯೇ ಒದಗಿಸುತ್ತಿದ್ದರೆ ರಾಜ್ಯಪಾಲರು ಅದನ್ನು ಕೈಗಾರಿಕಾ ನಗರಿ ಎಂದು ಘೋಷಿಸಬಹುದು, ಅಲ್ಲಿ ಪುರಸಭೆ ರಚಿಸಬೇಕಾಗಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಉದ್ಯಮಗಳ ಸಂಘ ‘ಎಲ್ಸಿಯಾ’ 1992ರಲ್ಲಿ ಹುಟ್ಟಿ, 1997ರಲ್ಲಿ ಕಿಯೋನಿಕ್ಸ್‌ನಿಂದ ಪ್ರದೇಶದ ನಿರ್ವಹಣೆ ವಹಿಸಿಕೊಂಡಿತ್ತು. 2013ರಲ್ಲಿ ಆ ಪ್ರದೇಶಕ್ಕೆ ‘ಎಲ್ಸಿಟಾ’ ಎಂಬ ಕೈಗಾರಿಕಾ ನಗರ ಪ್ರಾಧಿಕಾರ ಬಂತು. ವ್ಯಾಪ್ತಿ ಸುಮಾರು 900 ಎಕರೆ. ಆಸ್ತಿ ತೆರಿಗೆ ಅದೇ ಸಂಗ್ರಹಿಸುತ್ತದೆ, ಕಟ್ಟಡದ ನಕ್ಷೆ ಅದೇ ಮಂಜೂರು ಮಾಡುತ್ತದೆ, ರಸ್ತೆ, ದೀಪ, ಚರಂಡಿ, ಕಸ ಎಲ್ಲ ಅದರದೇ. ಒಳಗೆ ಹೋಗಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಪಾದಚಾರಿ ಮಾರ್ಗ ನಡೆಯಲು ಯೋಗ್ಯ, ಮರಕ್ಕೆ ನೆರಳು, ದೀಪಕ್ಕೆ ಬೆಳಕು. ಕಟ್ಟಿದ ತೆರಿಗೆ ಕಟ್ಟಿದ ಜಾಗದಲ್ಲೇ ಖರ್ಚಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಪೀಣ್ಯ ಕೈಗಾರಿಕಾ ಸಂಘ ವರ್ಷಗಳಿಂದ ತನಗೂ ಅಂಥದೇ ಪ್ರಾಧಿಕಾರ ಬೇಕೆಂದು ಕೇಳುತ್ತಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಎಲ್ಸಿಟಾದ ಆಡಳಿತ ಮಂಡಳಿಯನ್ನು ಆರಿಸಲು ಯಾವ ನಾಗರಿಕನೂ ಮತ ಹಾಕುವುದಿಲ್ಲ. ಬೇಲಿಯ ಆಚೆ ದೊಡ್ಡತೋಗೂರಿನ ಬಾಡಿಗೆ ಕೋಣೆಯಲ್ಲಿರುವ, ಅದೇ ಕ್ಯಾಂಪಸ್ಸಿನಲ್ಲಿ ಕ್ಯಾಂಟೀನಿನಲ್ಲೋ ಕಾವಲಿನಲ್ಲೋ ದುಡಿಯುವ ಹುಡುಗನಿಗೆ ಅದರಲ್ಲಿ ಮಾತಿಲ್ಲ. ಲಂಡನ್ನಿನ ನಡುಭಾಗದ ‘ಸಿಟಿ’ಯಲ್ಲಿ ಕಂಪನಿಗಳೂ ಮತದಾರರನ್ನು ನೇಮಿಸುವ ಹಳೆಯ ಪದ್ಧತಿ ಇಂದಿಗೂ ನಡೆದಿದೆ. ನಮಗೆ ಅದು ಬೇಡ. ಹಣ ಕಟ್ಟಿದವನಿಗೆ ಮತ ಎಂಬ ತತ್ವವನ್ನು ಒಪ್ಪಿದ ದಿನ ಬಡವನ ಪೌರತ್ವ ಮುಗಿದಂತೆ. ಎಲ್ಸಿಟಾದಲ್ಲಿ ಕಲಿಯಬೇಕಾದದ್ದು ಹತ್ತಿರದ ಲೆಕ್ಕದ ಪಾಠವನ್ನು. ಮತದಾರನಿಲ್ಲದ ಆಡಳಿತವನ್ನಲ್ಲ.

ಹತ್ತಿರದ ಸರ್ಕಾರ ಎಂಬುದು ಕರ್ನಾಟಕಕ್ಕೆ ಹೊಸದೂ ಅಲ್ಲ. ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು 1983ರ ಪಂಚಾಯ್ತಿ ಕಾಯ್ದೆ ರೂಪಿಸಿ, 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯ್ತಿ ಚುನಾವಣೆ ನಡೆಯುವಂತೆ ಮಾಡಿ ವಿಧಾನಸೌಧದ ಅಧಿಕಾರವನ್ನು ಊರಿಗೆ ಕಳಿಸಿದರು. ಬೆಂಗಳೂರಿಗೆ ಅಂಥ ಒಬ್ಬರು ಸಿಗಲಿಲ್ಲ, ಆದರೆ ಒಂದು ಕಾಲಕ್ಕೆ ದಾರಿ ಸರಿಯಾಗಿತ್ತು. 2000ದಲ್ಲಿ ಪಾಲಿಕೆ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆಯ ಪದ್ಧತಿ ತಂದಿತು. ಕಂದಾಯ ಅಧಿಕಾರಿ ಮನೆಗೆ ಬಂದು ಅಳೆದು ಚೌಕಾಸಿ ಮಾಡುವುದು ತಪ್ಪಿತು, ವರಮಾನವೂ ಏರಿತು. ಅಧಿಕಾರಿಯ ವಿವೇಚನೆ ಕಡಿಮೆಯಾದಾಗ ಸರ್ಕಾರಕ್ಕೇ ಲಾಭವಾದ ಉದಾಹರಣೆ ಇದು. 2002ರಲ್ಲಿ ಜನಾಗ್ರಹ, ಸ್ಯಾಮ್ಯುಯೆಲ್ ಪಾಲ್ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಮತ್ತಿತರ ಸಂಸ್ಥೆಗಳು ‘ಪ್ರೂಫ್’ ಎಂಬ ಅಭಿಯಾನ ಹೂಡಿ, ಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಜಮಾ-ಖರ್ಚನ್ನು ಜನರ ಮುಂದಿಡುವಂತೆ ಒತ್ತಾಯಿಸಿದವು. ನಾಗರಿಕರು ತಮ್ಮ ಬೀದಿಯ ಕಾಮಗಾರಿಯ ಅಂದಾಜು ಪಟ್ಟಿ ಕೈಯಲ್ಲಿ ಹಿಡಿದು ಕಾರ್ಪೊರೇಟರ್ ಎದುರು ಕೂತ ದಿನಗಳವು.

ಆಮೇಲೆ ಕಾರ್ಪೊರೇಟರೇ ಇಲ್ಲದಂತಾಯಿತು. ಬಿಬಿಎಂಪಿಗೆ 2010ರಲ್ಲಿ ಒಮ್ಮೆ, 2015ರ ಆಗಸ್ಟಿನಲ್ಲಿ ಒಮ್ಮೆ ಚುನಾವಣೆಯಾಯಿತು. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿ ಬಂದರು. 198 ವಾರ್ಡು 243 ಆಯಿತು, ಆಮೇಲೆ 225 ಆಯಿತು, ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಆ ಪಾಲಿಕೆಗೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ನಗರ ಒಡೆಯಿತು. ಬಿಜೆಪಿ ಸರ್ಕಾರವಿದ್ದಾಗಲೂ ಕಾಂಗ್ರೆಸ್ ಸರ್ಕಾರವಿದ್ದಾಗಲೂ ಚುನಾವಣೆ ಮುಂದೆ ಹೋಯಿತು. ನಡುವಿನ ಆ ವರ್ಷಗಳಲ್ಲಿ ನಗರ ಸಾವಿರಾರು ಕೋಟಿ ಖರ್ಚು ಮಾಡಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 16.7 ಕಿಲೋಮೀಟರ್ ಸುರಂಗ ರಸ್ತೆ, ಅಂದಾಜು ಸುಮಾರು 17,700 ಕೋಟಿ ರೂಪಾಯಿ ಎಂಬ ತೀರ್ಮಾನ ಬಂದಾಗ, ಅದು ಬೇಕೋ ಬೇಡವೋ ಎಂದು ಮತ ಹಾಕಲು ನಗರದ ಪಾಲಿಕೆಯಲ್ಲಿ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಅನೇಕ ಪ್ರಾಂತಗಳಲ್ಲಿ ಒಂದು ಮೊತ್ತ ಮೀರಿದ ಖರ್ಚನ್ನು ನೇರವಾಗಿ ಜನಮತಕ್ಕೆ ಹಾಕುತ್ತಾರೆ. ಅಷ್ಟು ದೂರ ಬೇಡ, ನಮಗೆ ವಾರ್ಡಿನ ಸದಸ್ಯನ ಒಂದು ಕೈಯಾದರೂ ಬೇಕಿತ್ತು.

ದೆಹಲಿಗಿಂತ, ವಿಧಾನಸೌಧಕ್ಕಿಂತ ಮೊದಲು ವಾರ್ಡಿನಲ್ಲೇ ಮಿತವ್ಯಯದ ಅಭ್ಯರ್ಥಿಯನ್ನು ಹುಡುಕಬೇಕು ಎಂದು ನಾನು ಹೇಳುವುದು ಇದಕ್ಕೇ. ಕಾರ್ಪೊರೇಟರಿಗೂ ವಿಪ್ಪಿನ ಕಾಟ ತಪ್ಪಿದ್ದಲ್ಲ. ಸ್ಥಳೀಯ ಸಂಸ್ಥೆಗಳಿಗೆ 1987ರ ರಾಜ್ಯ ಪಕ್ಷಾಂತರ ನಿಷೇಧ ಕಾಯ್ದೆಯಿದೆ. ಆದರೆ ವಾರ್ಡಿನ ಖರ್ಚಿನ ಬಹುಪಾಲು ಮತಕ್ಕೆ ಹಾಕುವ ಸಂಗತಿಯಲ್ಲ, ಕಣ್ಣಿಟ್ಟು ಕಾಯುವ ಸಂಗತಿ. ಮಾಡದ ಕಾಮಗಾರಿಗೆ ಬಿಲ್ ಬರೆದ ಆರೋಪ 2011ರಲ್ಲಿ ಬಂದಾಗ ಕೇವಲ ಮೂರು ವಿಧಾನಸಭಾ ಕ್ಷೇತ್ರಗಳದೇ 1,539 ಕೋಟಿ ಎಂಬ ಲೆಕ್ಕ ಹೊರಬಿದ್ದಿತ್ತು. ಒಂದೇ ರಸ್ತೆಗೆ ಎರಡು ಸಲ ಡಾಂಬರು ಹಾಕಿದ್ದು, ಹಾಕಿದ ಚಪ್ಪಡಿಯನ್ನೇ ಕಿತ್ತು ಮತ್ತೆ ಹಾಕಿದ್ದು ವಿಧಾನಸೌಧಕ್ಕೆ ಕಾಣುವುದಿಲ್ಲ, ಆ ಬೀದಿಯ ಹಾಲಿನ ಬೂತಿನವನಿಗೆ ಕಾಣುತ್ತದೆ.

ಹಾಗಾದರೆ ಮನೆ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ಕೇಳಬೇಕಾದ್ದೇನು? ಈ ವಾರ್ಡಿನಿಂದ ಸಂಗ್ರಹವಾಗುವ ಆಸ್ತಿ ತೆರಿಗೆ ಎಷ್ಟು, ಗೊತ್ತೇ? ಪ್ರತಿ ಕಾಮಗಾರಿಯ ಅಂದಾಜು, ಗುತ್ತಿಗೆದಾರ, ಬಿಲ್ ಪಾವತಿ ಮೂರನ್ನೂ ಕನ್ನಡದಲ್ಲಿ ಬರೆದು ಕೆಲಸದ ಜಾಗದಲ್ಲೇ ನಿಲ್ಲಿಸುತ್ತೀರಾ? ವಾರ್ಡ್ ಸಮಿತಿಯ ಸಭೆಯನ್ನು ತಿಂಗಳು ತಪ್ಪದೆ ನಡೆಸುತ್ತೀರಾ? ಸಣ್ಣ ಕಾರ್ಖಾನೆಗೆ ಬೇಕಾದ ಪತ್ರಗಳಲ್ಲಿ ಪಾಲಿಕೆಯ ಮಟ್ಟದಲ್ಲಿ ಯಾವುದನ್ನು ತೆಗೆಸುತ್ತೀರಿ? ಉತ್ತರ ಸಮಾಧಾನವಾದರೆ ಆತ ಯಾವ ಪಕ್ಷದ ಚಿಹ್ನೆ ಹಿಡಿದಿದ್ದಾನೆ ಎಂಬುದನ್ನು ಎರಡನೆಯದಾಗಿ ನೋಡಿದರೆ ಸಾಕು. ಅವನಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾಗುವುದು ಬೀದಿ ಬೀದಿ ತಿರುಗಲು ಜತೆಗೆ ಬರುವ ಜನ, ಗೆದ್ದ ಮೇಲೆ ಲೆಕ್ಕದ ಹಾಳೆ ಓದಲು ಕೂರುವ ಒಬ್ಬಿಬ್ಬರು ಅಕೌಂಟೆಂಟುಗಳು. ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಂಥವರಿಗೆ ಬರವಿಲ್ಲ.

ಬರ ಇರುವುದು ಮತದಾರರ ಪಟ್ಟಿಯಲ್ಲಿ. ಹಾಸನದಿಂದ ಪೀಣ್ಯಕ್ಕೆ ಬಂದು ಹತ್ತು ವರ್ಷವಾದ ಟರ್ನರ್, ಕಲಬುರಗಿಯಿಂದ ಬಂದ ಗಾರೆ ಕೆಲಸದವನು, ಹುಬ್ಬಳ್ಳಿಯಿಂದ ವೈಟ್‌ಫೀಲ್ಡಿಗೆ ಬಂದ ಎಂಜಿನಿಯರ್ ಇವರಲ್ಲಿ ಬಹಳ ಮಂದಿಯ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇದೆ. ಊರಿನ ಜಾತ್ರೆಗೆ ಹೋದಂತೆ ಕೆಲವರು ಮತ ಹಾಕಲು ಊರಿಗೆ ಹೋಗಿ ಬರುತ್ತಾರೆ, ಉಳಿದವರು ಅದನ್ನೂ ಬಿಟ್ಟಿದ್ದಾರೆ. ಇಲ್ಲಿನ ತೆರಿಗೆಯ ಮೇಲೆ, ಇಲ್ಲಿನ ಗುಂಡಿಯ ಮೇಲೆ ಅವರಿಗೆ ಸಿಟ್ಟಿದೆ, ಮತ ಮಾತ್ರ ನೂರಾರು ಕಿಲೋಮೀಟರ್ ಆಚೆ. ಸ್ಥಳೀಯ ಚುನಾವಣೆಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ. ವಿಳಾಸ ಬದಲಿಸಲು ಚುನಾವಣಾ ಆಯೋಗದ ನಮೂನೆ 8 ತುಂಬಬೇಕು; ನೋಂದಾಯಿತ ಬಾಡಿಗೆ ಕರಾರಿನ ಪತ್ರ ಅಥವಾ ವಿಳಾಸದ ಇನ್ನೊಂದು ದಾಖಲೆ ಇದ್ದರೆ ಮೊಬೈಲಿನಲ್ಲೇ ಸಲ್ಲಿಸಬಹುದು, ಇಲ್ಲವೇ ಬೂತ್ ಮಟ್ಟದ ಅಧಿಕಾರಿಯ ಕೈಗೆ ಕೊಡಬಹುದು. ಕಾರ್ಖಾನೆಯ ಮಾಲೀಕರು ವೇತನದ ದಿನ ಒಂದು ಮೇಜು ಹಾಕಿ, ಆ ನಮೂನೆ ತುಂಬಲು ಕೆಲಸಗಾರರಿಗೆ ಅರ್ಧ ತಾಸು ಬಿಡುವು ಕೊಟ್ಟರೆ ಅದಕ್ಕೆ ಖರ್ಚು ಏನೂ ಇಲ್ಲ.